ಹೆಸರು ಹಿಡಿದು ಕರೆದಾಗ

ಯೂದಾಯದ ಗುಡ್ಡಗಾಡಿನ ಒಂದು ಮನೆ. ಗಂಡುಮಗು ಹುಟ್ಟಿ ಎಂಟನೆಯ ದಿನ. ಸುನ್ನತಿಯೂ ಹೆಸರಿಡುವ ಶಾಸ್ತ್ರವೂ ಅಂದೇ. ನೆರೆಹೊರೆಯವರು, ನೆಂಟರು ಸೇರಿದ್ದಾರೆ. ಅಪ್ಪನ ಹೆಸರನ್ನೇ ಮಗನಿಗೂ ಇಡುವುದು ಎಂದು ಅವರೇ ತೀರ್ಮಾನಿಸಿಯೂ ಆಗಿದೆ: ಜಕರೀಯ. ಬಾಣಂತಿ ಎಲಿಸಬೇತಳು ಒಪ್ಪುವುದಿಲ್ಲ. ಯೋಹಾನ ಎಂದೇ ಆಗಬೇಕು ಅನ್ನುತ್ತಾಳೆ. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲವಲ್ಲ ಎಂದು ನೆಂಟರ ತಕರಾರು. ಮಾತು ನಿಂತುಹೋಗಿರುವ ತಂದೆಯನ್ನು ಸನ್ನೆಯಲ್ಲಿ ಕೇಳುತ್ತಾರೆ. ಅವನು ಹಲಗೆ ತರಿಸಿಕೊಂಡು ಬರೆಯುತ್ತಾನೆ: ಅವನ ಹೆಸರು ಯೋಹಾನ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯದ ಈ ಸಾಲನ್ನು ಓದುವಾಗ ಮಾತಿನ ಧಾಟಿಯ ಕಡೆ ಗಮನ ಕೊಡಿ. ‘ಯೋಹಾನ ಎಂದು ಇಡೋಣ’ ಎಂದು ಜಕರೀಯ ಬರೆಯಲಿಲ್ಲ. ಹೆಸರು ಆಗಲೇ ಇದೆ, ದೇವದೂತನ ಬಾಯಿಂದ ಬಂದಾಗಿದೆ. ತಂದೆ ಅದಕ್ಕೆ ಹೂಂಗುಟ್ಟಿದ್ದಾನೆ, ಅಷ್ಟೆ. ಹೂಂಗುಟ್ಟಿದ ಕೂಡಲೇ ನಾಲಗೆಯ ಕಟ್ಟು ಬಿಚ್ಚಿತು. ಬಿಚ್ಚಿದ ನಾಲಗೆ ಹಾಡಿದ ಹಾಡಿನೊಳಗೆ ಒಂದು ಗುಟ್ಟಿದೆ. ಜಕರೀಯ ಎಂದರೆ ‘ಯೆಹೋವನು ನೆನೆದನು’. ಎಲಿಸಬೇತ ಎಂಬುದರಲ್ಲಿ ಹೀಬ್ರೂವಿನ ಆಣೆ ಎಂಬ ಮಾತಿದೆ, ‘ನನ್ನ ದೇವರ ಆಣೆ’. ಯೋಹಾನ ಎಂದರೆ ‘ಯೆಹೋವನು ಕೃಪೆ ತೋರಿದನು’. ಹಾಡಿನ 72 ಮತ್ತು 73ನೆಯ ವಚನಗಳನ್ನು ಪಕ್ಕದಲ್ಲಿಟ್ಟು ನೋಡಿ: ಪಿತೃಗಳಿಗೆ ಕರುಣೆ ತೋರಿದ್ದಾನೆ, ಒಡಂಬಡಿಕೆಯನ್ನು ನೆನೆದಿದ್ದಾನೆ, ಅಬ್ರಹಾಮನಿಗೆ ಇಟ್ಟ ಆಣೆಯನ್ನು ನೆನೆದಿದ್ದಾನೆ. ಮಗ, ಅಪ್ಪ, ಅಮ್ಮ ಮೂವರ ಹೆಸರೂ ಆ ಎರಡು ವಚನಗಳಲ್ಲಿ ಸಾಲಾಗಿ ಕೂತಿವೆ. ಲೂಕ ಬರೆದ ಗ್ರೀಕಿನಲ್ಲಿ ಇದು ಕಾಣುವುದಿಲ್ಲ, ಕನ್ನಡದಲ್ಲೂ ಕಾಣುವುದಿಲ್ಲ. ಹೀಬ್ರೂ ಬಲ್ಲ ಕಿವಿಗೆ ಮಾತ್ರ ಕೇಳಿಸುತ್ತದೆ. ಒಂದು ಮನೆಯವರ ಹೆಸರುಗಳನ್ನು ಒಟ್ಟಿಗೆ ಕೂಗಿದರೆ ಅದೇ ಸ್ತೋತ್ರವಾಗುತ್ತದೆ ಎಂಬುದು ಬೈಬಲಿನ ಹೆಸರುಗಳ ಬಗ್ಗೆ ನಾನು ಬಲ್ಲ ಅತ್ಯಂತ ಚೆಲುವಾದ ಸಂಗತಿ.

ಆ ಹೆಸರುಗಳನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ಬಹಳಷ್ಟು ಹೀಬ್ರೂ ಹೆಸರುಗಳು ಎರಡು ತುಂಡಿನ ಪುಟ್ಟ ವಾಕ್ಯಗಳು. ಒಂದು ತುಂಡಿನಲ್ಲಿ ದೇವರು, ಇನ್ನೊಂದರಲ್ಲಿ ದೇವರು ಮಾಡಿದ್ದು. ಕೊನೆಯಲ್ಲಿ ‘ಏಲ್’ ಬಂದರೆ ಅದು ದೇವರು: ದಾನಿಯೇಲ, ದೇವರು ನನ್ನ ನ್ಯಾಯಾಧಿಪತಿ, ಮಿಕಾಯೇಲ, ದೇವರಂತೆ ಯಾರಿದ್ದಾರೆ ಎಂಬ ಪ್ರಶ್ನೆ, ಇಮ್ಮಾನುವೇಲ, ದೇವರು ನಮ್ಮೊಡನೆ. ಮೊದಲಲ್ಲಿ ‘ಯೋ’, ‘ಯೆಹೋ’ ಅಥವಾ ಕೊನೆಯಲ್ಲಿ ‘ಈಯ’, ‘ಆಯ’ ಬಂದರೆ ಅದು ಮೋಶೆಗೆ ಉರಿಯುವ ಪೊದೆಯಲ್ಲಿ ತಿಳಿಸಿದ ಹೆಸರಿನ ತುಣುಕು: ಯೋನಾತಾನ, ಯೆಹೋವನು ಕೊಟ್ಟನು, ನೆಹೆಮೀಯ, ಯೆಹೋವನು ಸಂತೈಸಿದನು, ಯೆಶಾಯ, ಯೆಹೋವನೇ ರಕ್ಷಣೆ. ಎಲೀಯ ಎಂಬುದರಲ್ಲಿ ಎರಡೂ ಸೇರಿವೆ: ನನ್ನ ದೇವರು ಯೆಹೋವನೇ. ಬಾಳನೆಂಬ ಅನ್ಯದೇವರ ಪೂಜಾರಿಗಳ ಎದುರು ನಿಂತ ಪ್ರವಾದಿಗೆ ಬೇರೆ ಘೋಷಣೆ ಬೇಕಿರಲಿಲ್ಲ.

ಹೀಬ್ರೂವಿನಲ್ಲಿ ನಾಲ್ಕಕ್ಷರದ ಆ ದೇವರ ಹೆಸರನ್ನು ಯೆಹೂದ್ಯರು ಬಾಯಿಬಿಟ್ಟು ಉಚ್ಚರಿಸುವುದಿಲ್ಲ. ಓದುವಾಗ ಅಲ್ಲಿ ‘ಅದೋನಾಯ್’, ಅಂದರೆ ಒಡೆಯ ಎನ್ನುತ್ತಾರೆ. ಗಂಡನ ಹೆಸರನ್ನೂ ಹಿರಿಯರ ಹೆಸರನ್ನೂ ಎತ್ತದ ನಮ್ಮ ಕಡೆಯ ಹಳೆಯ ಹೆಂಗಸರಿಗೆ ಈ ಹಿಂಜರಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕನ್ನಡದ ಹಳೆಯ ಬೈಬಲು ಅಲ್ಲಿ ಯೆಹೋವ ಎಂದು ಬರೆಯುತ್ತದೆ, ಕಥೋಲಿಕರ ಅನುವಾದ ಸರ್ವೇಶ್ವರ ಎನ್ನುತ್ತದೆ. ಆದರೆ ಗಮನಿಸಿ, ಹೇಳಲು ಅಂಜುವ ಆ ಹೆಸರಿನ ಚೂರನ್ನೇ ಮಕ್ಕಳ ಹೆಸರಿನಲ್ಲಿ ಸೇರಿಸಿ ಬೀದಿಯುದ್ದಕ್ಕೂ ಕೂಗುತ್ತಿದ್ದರು. ಊಟಕ್ಕೆ ಕರೆಯುವುದೂ ಗದರುವುದೂ ಅದೇ ಹೆಸರಿನಿಂದ. ಮೋಶೆಯ ನಂತರ ಜನರನ್ನು ನಡೆಸಿದ ಯೆಹೋಶುವನ ಹೆಸರನ್ನೇ ತೆಗೆದುಕೊಳ್ಳಿ: ಯೆಹೋವನು ರಕ್ಷಿಸುತ್ತಾನೆ. ಮೊದಲು ಅವನು ಬರೀ ಹೋಶೇಯ. ಮೋಶೆ ಅವನ ಹೆಸರನ್ನು ಹಿಗ್ಗಿಸಿದ್ದು ಅರಣ್ಯಕಾಂಡ 13:16ರಲ್ಲಿದೆ. ಅದೇ ಹೆಸರಿನ ಮೊಟಕು ರೂಪ ಯೇಷೂವ, ಗ್ರೀಕಿಗೆ ಹೋಗಿ ಈಸೂಸ್, ಕನ್ನಡಕ್ಕೆ ಬಂದು ಯೇಸು. ಕನ್ನಡ ಬೈಬಲಿನಲ್ಲಿ ಯೆಹೋಶುವ ಮತ್ತು ಯೇಸು ಎರಡು ಹೆಸರಾಗಿ ಕಂಡರೂ ಗ್ರೀಕ್ ಬೈಬಲಿನಲ್ಲಿ ಎರಡೂ ಒಂದೇ. ಮತ್ತಾಯ 1:21ರಲ್ಲಿ ದೂತನು ಯೋಸೇಫನಿಗೆ, ಅವನಿಗೆ ಯೇಸು ಎಂದು ಹೆಸರಿಡು, ಯಾಕೆಂದರೆ ತನ್ನ ಜನರನ್ನು ರಕ್ಷಿಸುವವನು ಅವನೇ ಎನ್ನುವಾಗ ಆ ‘ಯಾಕೆಂದರೆ’ ಹೆಸರಿನ ಒಳಗಿಂದಲೇ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಹೆಸರುಗಳ ಅರ್ಥ ಕೊಡುವ ಪಟ್ಟಿಗಳು ಅಂಗಡಿಯಲ್ಲೂ ಮೊಬೈಲಿನಲ್ಲೂ ಬೇಕಾದಷ್ಟಿವೆ, ಅವುಗಳಲ್ಲಿ ಅರ್ಧಕ್ಕರ್ಧ ಊಹೆ. ಮರಿಯ ಎಂಬ ಹೆಸರಿಗೆ ಒಂದು ಪಟ್ಟಿ ಕಹಿ ಎನ್ನುತ್ತದೆ, ಇನ್ನೊಂದು ಸಮುದ್ರದ ನಕ್ಷತ್ರ ಎನ್ನುತ್ತದೆ. ಮೂಲವಾದ ಮಿರ್ಯಾಮ್ ಎಂಬುದರ ಅರ್ಥ ಪಂಡಿತರಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಹೀಬ್ರೂ ಹೆಸರುಗಳ ಒಂದು ಕೋಶ ಮಾಡಿದರು. ಅದರಲ್ಲಿ ಅವರು ಲ್ಯಾಟಿನ್ನಿನಲ್ಲಿ ‘ಸ್ತಿಲ್ಲ ಮಾರಿಸ್’, ಸಮುದ್ರದ ಹನಿ, ಎಂದು ಬರೆದಿದ್ದರು; ಪ್ರತಿ ಮಾಡುವವರ ಕೈಯಲ್ಲಿ ಒಂದು ಅಕ್ಷರ ಬದಲಾಗಿ ‘ಸ್ತೆಲ್ಲ ಮಾರಿಸ್’, ಸಮುದ್ರದ ನಕ್ಷತ್ರ, ಆಯಿತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕಡಲಿಗೆ ಇಳಿಯುವ ಬೆಸ್ತರು ಶತಮಾನಗಳಿಂದ ಆ ನಕ್ಷತ್ರವನ್ನು ನೆಚ್ಚಿ ಪ್ರಾರ್ಥಿಸಿದ್ದಾರೆ, ಆ ಪ್ರಾರ್ಥನೆ ಹುಸಿಯಲ್ಲ. ಆದರೂ ಮಗಳಿಗೆ ಮರಿಯ ಎಂದು ಹೆಸರಿಡುವವರು ನಿಘಂಟಿನ ಅರ್ಥವನ್ನು ನೆಚ್ಚುವುದಕ್ಕಿಂತ ಆ ಹೆಸರಿನ ತಾಯಿಯನ್ನು ನೆಚ್ಚುವುದು ಲೇಸು. ಕ್ರೈಸ್ತರಲ್ಲಿ ಹೆಸರಿನ ತೂಕ ಇರುವುದು ಮುಖ್ಯವಾಗಿ ಅದನ್ನು ಹೊತ್ತು ಬಾಳಿದವರಲ್ಲಿ, ಅದರಿಂದ ಕರೆದವನಲ್ಲಿ.

ಕರೆದವನ ವಿಷಯಕ್ಕೆ ಬಂದರೆ ಯಾಕೋಬನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಣ್ಣನ ಹಿಮ್ಮಡಿ ಹಿಡಿದು ಹುಟ್ಟಿದವನು, ಹೆಸರೂ ಹಿಮ್ಮಡಿಯಿಂದಲೇ ಬಂದದ್ದು. ಕುರುಡಾದ ತಂದೆ ಇಸಾಕನು, ಮಗನೇ ನೀನು ಯಾರು ಎಂದು ಕೇಳಿದಾಗ ಅವನು ಕೊಟ್ಟ ಉತ್ತರ, ನಾನು ಏಸಾವ, ನಿನ್ನ ಚೊಚ್ಚಲ ಮಗ. ಇದು ಆದಿಕಾಂಡದ 27ನೆಯ ಅಧ್ಯಾಯ. ಅಲ್ಲಿಂದ ಓಡಿಹೋಗಿ, ಇಪ್ಪತ್ತು ವರ್ಷ ಮಾವನ ಮನೆಯಲ್ಲಿ ದುಡಿದು, ಹಿಂದಿರುಗುವ ದಾರಿಯಲ್ಲಿ ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ಹೋರಾಡಿದವನನ್ನು ಆ ಅಪರಿಚಿತ ಕೇಳುತ್ತಾನೆ: ನಿನ್ನ ಹೆಸರೇನು? ಗೊತ್ತಿಲ್ಲದೆ ಕೇಳಿದ ಪ್ರಶ್ನೆಯಲ್ಲ ಅದು. ಹೆಸರು ಕದ್ದು ಆಶೀರ್ವಾದ ಪಡೆದವನ ಬಾಯಿಂದ ಅವನ ಸ್ವಂತ ಹೆಸರು ಬರಬೇಕಿತ್ತು. ಅವನು ‘ಯಾಕೋಬ’ ಎಂದ. ಇಸ್ರಾಯೇಲ ಎಂಬ ಹೊಸ ಹೆಸರು ಸಿಕ್ಕಿದ್ದು ಆ ಒಂದು ಪದದ ನಂತರ. ಪಾಪನಿವೇದನೆಗೆ ಇದಕ್ಕಿಂತ ಚಿಕ್ಕ ಮಾದರಿ ಬೈಬಲಿನಲ್ಲಿ ನನಗೆ ಕಂಡಿಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ. ಅಬ್ರಾಮನು 99ನೆಯ ವಯಸ್ಸಿನಲ್ಲಿ ಅಬ್ರಹಾಮನಾದ ಮೇಲೆ ಆದಿಕಾಂಡ ಮತ್ತೆ ಹಳೆಯ ಹೆಸರನ್ನು ಬಳಸುವುದೇ ಇಲ್ಲ. ಯಾಕೋಬನ ವಿಷಯದಲ್ಲಿ ಹಾಗಲ್ಲ. ಹೊಸ ಹೆಸರು ಬಂದ ಮೇಲೂ ಯಾಕೋಬ ಎಂಬುದು ಅವನನ್ನು ಬಿಡದು, ಎರಡೂ ಅಕ್ಕಪಕ್ಕ ಸಾಗುತ್ತವೆ. ಯೇಸುವಿನ ಶಿಷ್ಯ ಸೀಮೋನನದೂ ಅದೇ ಕಥೆ. ಯೇಸು ಅವನಿಗೆ ಕೇಫ, ಅಂದರೆ ಬಂಡೆ, ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಪೇತ್ರ. ಆದರೆ ಗೆತ್ಸೇಮನೆಯ ತೋಟದಲ್ಲಿ ಅವನು ತೂಕಡಿಸುತ್ತಿದ್ದಾಗ ಯೇಸು ಎಬ್ಬಿಸಿದ್ದು ‘ಸೀಮೋನನೇ, ನಿದ್ದೆಮಾಡುತ್ತಿದ್ದೀಯಾ’ ಎಂದು. ಸೈತಾನನು ನಿಮ್ಮನ್ನು ಗೋಧಿಯಂತೆ ಒನೆಯಲು ಕೇಳಿಕೊಂಡಿದ್ದಾನೆ ಎಂದು ಎಚ್ಚರಿಸುವಾಗಲೂ ‘ಸೀಮೋನನೇ, ಸೀಮೋನನೇ’. ಮೂರು ಸಲ ತನ್ನನ್ನು ಅಲ್ಲಗಳೆದವನನ್ನು ಕೆರೆಯ ದಡದಲ್ಲಿ ಕೂರಿಸಿಕೊಂಡು, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದಾಗಲೂ ‘ಯೋಹಾನನ ಮಗನಾದ ಸೀಮೋನನೇ’. ಬಂಡೆ ಎಂಬ ಹೆಸರು ಆಗಬೇಕಾದದ್ದಕ್ಕೆ, ಸೀಮೋನ ಎಂಬುದು ಆಗಿರುವುದಕ್ಕೆ. ಹಳೆಯ ಹೆಸರಿನಿಂದ ಕರೆಯುವುದರಲ್ಲಿ ಗದರಿಕೆ ಎಷ್ಟಿದೆಯೋ ಕಕ್ಕುಲತೆಯೂ ಅಷ್ಟೇ ಇದೆ.

ಪ್ರವಚನಗಳಲ್ಲಿ ಪದೇಪದೇ ಕೇಳಿಬರುವ ಒಂದು ತಪ್ಪನ್ನು ಇಲ್ಲೇ ತಿದ್ದಬೇಕು. ಸೌಲನು ದಮಸ್ಕದ ದಾರಿಯಲ್ಲಿ ಮನಪರಿವರ್ತನೆಯಾಗಿ ಪೌಲನಾದ ಎನ್ನುತ್ತಾರೆ. ಹಾಗೆ ಎಲ್ಲೂ ಬರೆದಿಲ್ಲ. ದಮಸ್ಕದ ಘಟನೆ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿದೆ. ಅದಾದ ಮೇಲೂ ಅವನು ಸೌಲನೇ. 13:9ರಲ್ಲಿ ಸೈಪ್ರಸ್ ದ್ವೀಪದಲ್ಲಿ ರೋಮನ್ ಅಧಿಪತಿಯ ಎದುರು ನಿಂತಾಗ ‘ಪೌಲನೆನಿಸಿಕೊಳ್ಳುವ ಸೌಲನು’ ಎಂದು ಬರುತ್ತದೆ. ಎರಡೂ ಅವನಿಗೆ ಮೊದಲಿನಿಂದ ಇದ್ದ ಹೆಸರುಗಳು. ಮನೆಯವರಿಗೆ, ಸಭಾಮಂದಿರದವರಿಗೆ ಸೌಲ. ರೋಮನ್ ಪ್ರಜೆಯಾಗಿ ಪೌಲ. ಅನ್ಯಜನರ ನಡುವೆ ಓಡಾಡುವಾಗ ಅವರ ನಾಲಗೆಗೆ ಒಗ್ಗುವ ಹೆಸರನ್ನು ಮುಂದಿಟ್ಟುಕೊಂಡ. ಹೆಸರು ಬದಲಾದರೆ ಮಾತ್ರ ಬದುಕು ಬದಲಾದಂತೆ ಎಂದು ಹೊಸದಾಗಿ ವಿಶ್ವಾಸಕ್ಕೆ ಬಂದವರ ಮೇಲೆ ಒತ್ತಡ ಹಾಕುವವರು ಈ ಎರಡು ಅಧ್ಯಾಯಗಳನ್ನು ಮತ್ತೊಮ್ಮೆ ಓದಬೇಕು.

ಮೊದಲ ತಲೆಮಾರಿನ ಕ್ರೈಸ್ತರಂತೂ ಈ ವಿಷಯದಲ್ಲಿ ಆತುರ ತೋರಲೇ ಇಲ್ಲ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯ ಬರೀ ಹೆಸರುಗಳ ಸಾಲು. ಅಲ್ಲಿ ಫೊಯಿಬೆ ಇದ್ದಾಳೆ, ಹೆರ್ಮೆಸ್ ಇದ್ದಾನೆ, ನೆರೆಯೂಸ್ ಇದ್ದಾನೆ. ಇವೆಲ್ಲ ಗ್ರೀಕರ ದೇವದೇವತೆಗಳ ಹೆಸರುಗಳೇ. ಪೌಲ ಅವರಿಗೆ ಹೆಸರು ಬದಲಿಸಿಕೊಳ್ಳಿ ಎನ್ನದೆ ವಂದನೆ ಹೇಳುತ್ತಾನೆ. ಅತ್ತ ಬಾಬೆಲಿನ ಅರಮನೆಯಲ್ಲಿ ದಾನಿಯೇಲನಿಗೆ ಬೇಲ್ತೆಶಚ್ಚರನೆಂದು ಹೆಸರಿಟ್ಟಾಗ ಅವನು ಬೇಡ ಎಂದು ಹಟ ಹಿಡಿದ ದಾಖಲೆಯಿಲ್ಲ. ಹಟ ಹಿಡಿದದ್ದು ಅರಸನ ಊಟದ ವಿಷಯಕ್ಕೆ. ಪೌಲನ ಆ ಪತ್ರದಿಂದ ಸುಮಾರು ಎರಡು ಶತಮಾನ ಕಳೆದ ಮೇಲೆ, ಮೂರನೆಯ ಶತಮಾನದಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ದಿಯೊನಿಸಿಯೂಸ್ ವಿಶ್ವಾಸಿಗಳು ಮಕ್ಕಳಿಗೆ ಪೇತ್ರ, ಪೌಲ ಎಂದು ಹೆಸರಿಡುವುದು ಹೆಚ್ಚಾಗಿದೆ ಎಂದು ಬರೆಯುತ್ತಾರೆ. ಅದನ್ನು ಬರೆದವರ ಹೆಸರೇ ಮದ್ಯದ ದೇವರಾದ ದಿಯೊನಿಸಸ್‌ನಿಂದ ಬಂದದ್ದು. 533ರಲ್ಲಿ ಮೆರ್ಕೂರಿಯುಸ್ ಎಂಬ ಗುರು ಪೋಪರಾಗಿ ಆಯ್ಕೆಯಾದಾಗ ರೋಮನ್ ದೇವರ ಹೆಸರಿನಲ್ಲಿ ಪೇತ್ರನ ಪೀಠದಲ್ಲಿ ಕೂರುವುದು ಸರಿಯಲ್ಲವೆಂದು ಎರಡನೆಯ ಜಾನ್ ಎಂಬ ಹೆಸರು ತೆಗೆದುಕೊಂಡರು. ಪೋಪರು ಹೆಸರು ಬದಲಿಸುವ ವಾಡಿಕೆಗೆ ಮೊದಲ ಉದಾಹರಣೆ ಅದು.

ಅಂತಿಯೋಕ್ಯದಲ್ಲಿ ನಾಲ್ಕನೆಯ ಶತಮಾನದ ಪ್ರವಚನಕಾರ ಜಾನ್ ಕ್ರಿಸೊಸ್ತೊಮ್ ಕಂಡು ಖಂಡಿಸಿದ ಒಂದು ಪದ್ಧತಿ ಇಂದಿಗೂ ಓದಬೇಕಾದದ್ದು. ಮಗು ಹುಟ್ಟಿದಾಗ ಹಲವು ದೀಪ ಹಚ್ಚಿ, ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟು, ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿದ ದೀಪದ ಹೆಸರನ್ನು ಮಗುವಿಗೆ ಇಡುತ್ತಿದ್ದರಂತೆ, ಆಯುಸ್ಸು ಗಟ್ಟಿಯಾಗಲಿ ಎಂದು. ಹೀಗೆ ಮಾಡಬೇಡಿ, ಸಂತರ ಹೆಸರಿಡಿ ಎಂದು ಅವರು ಹೇಳಿದರು. ಅದೇ ಊರಿನವರು ತಮ್ಮ ಅಚ್ಚುಮೆಚ್ಚಿನ ಬಿಷಪ್ ಮೆಲೇತಿಯೂಸರ ಹೆಸರನ್ನು ಮನೆಮನೆಯ ಮಕ್ಕಳಿಗೆ ಇಟ್ಟಿದ್ದನ್ನು, ಅವರ ಚಿತ್ರವನ್ನು ಉಂಗುರ, ಮುದ್ರೆ, ಬಟ್ಟಲು, ಗೋಡೆಗಳ ಮೇಲೆ ಕೆತ್ತಿಸಿಕೊಂಡಿದ್ದನ್ನು ಕ್ರಿಸೊಸ್ತೊಮ್ ಹೊಗಳಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವರ ತಕರಾರು ಸ್ಪಷ್ಟವಾಗುತ್ತದೆ. ದೀಪದ ಲೆಕ್ಕದಲ್ಲಿ ಹೆಸರು ಒಂದು ತಾಯತ. ಮೆಲೇತಿಯೂಸರ ಹೆಸರಿನಲ್ಲಿ ಮಗುವಿಗೆ ಒಬ್ಬ ಹಿರಿಯನ ಕೈ ಸಿಗುತ್ತದೆ. ಇಂದು ಅಕ್ಷರಗಳನ್ನು ಕೂಡಿಸಿ ಸಂಖ್ಯೆ ತೆಗೆದು, ಅದೃಷ್ಟ ಹೊಂದಲೆಂದು ಜಾನ್ ಎಂಬುದಕ್ಕೆ ಇನ್ನೊಂದು ಅಕ್ಷರ ಪೋಣಿಸುವ ಕ್ರೈಸ್ತ ಮನೆಗಳು ಅಂತಿಯೋಕ್ಯದ ದೀಪಗಳನ್ನೇ ಮತ್ತೆ ಹಚ್ಚುತ್ತಿವೆ.

ಈಗ ಜ್ಞಾನಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ದೀಕ್ಷೆ ಕೊಡುವ, ವಿಧಿಗೆ ಬರೋಣ. ಕಥೋಲಿಕ ಧರ್ಮಸಭೆಯಲ್ಲಿ ಮಗುವನ್ನು ಎತ್ತಿಕೊಂಡು ಬಂದವರನ್ನು ಗುರುಗಳು ಬಾಗಿಲ ಬಳಿಯೇ ಎದುರುಗೊಳ್ಳುತ್ತಾರೆ. ಮೊದಲ ಪ್ರಶ್ನೆ, ಈ ಮಗುವಿಗೆ ಯಾವ ಹೆಸರು ಕೊಡುತ್ತೀರಿ? ಎರಡನೆಯದು, ದೇವರ ಸಭೆಯಿಂದ ಏನನ್ನು ಕೇಳುತ್ತೀರಿ? ಆಮೇಲೆ ಹಣೆಯ ಮೇಲೆ ಶಿಲುಬೆಯ ಗುರುತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಯೆರೂಸಲೇಮಿಗೆ ಯಾತ್ರೆ ಹೋಗಿದ್ದ ಎಗೇರಿಯ ಎಂಬ ಹೆಣ್ಣುಮಗಳು ಅಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾಳೆ: ಪಾಸ್ಖದಲ್ಲಿ, ಅಂದರೆ ಈಸ್ಟರ್ ಹಬ್ಬದಲ್ಲಿ, ದೀಕ್ಷೆ ಬಯಸುವವರು ಅದರ ಹಿಂದಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕೆ ಮುಂಚೆ ಬಂದು ಹೆಸರು ಕೊಡಬೇಕು, ಗುರು ಬರೆದುಕೊಳ್ಳಬೇಕು, ಮರುದಿನ ಬಿಷಪರು ಒಬ್ಬೊಬ್ಬರ ನಡತೆಯನ್ನೂ ನೆರೆಯವರಲ್ಲಿ ವಿಚಾರಿಸಬೇಕು. ವಿಚಾರಣೆಯಲ್ಲಿ ಸೋತವರಿಗೆ ತಿದ್ದಿಕೊಂಡು ಬನ್ನಿ ಎನ್ನುತ್ತಿದ್ದರು. ವಯಸ್ಕರ ದೀಕ್ಷೆಯಲ್ಲಿ ಹೆಸರು ನೋಂದಾಯಿಸುವ ವಿಧಿ ತಪಸ್ಸುಕಾಲದ ಮೊದಲ ಭಾನುವಾರ ಇಂದಿಗೂ ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ನೀರು ಸುರಿಯುವಾಗ ಮಗುವಿನ ಹೆಸರು ಹೇಳುವುದು ಬಾಯಿತಪ್ಪಿ ಬಿಟ್ಟುಹೋದರೂ ಸಂಸ್ಕಾರ ಸಿಂಧುವೇ. ಬಿಡಲೇಬಾರದ ಹೆಸರು ಬೇರೆ: ಪಿತ, ಪುತ್ರ, ಪವಿತ್ರಾತ್ಮರ ಹೆಸರು. ಮತ್ತಾಯ 28:19ರಲ್ಲಿ ಆ ಹೆಸರು ಏಕವಚನದಲ್ಲಿದೆ. ಕನ್ನಡದಲ್ಲಿ ‘ಹೆಸರಿನಲ್ಲಿ’ ಎಂದು ಓದುತ್ತೇವೆ, ಆದರೆ ಗ್ರೀಕಿನ ‘ಏಯ್ಸ್ ತೊ ಒನೊಮ’ ಎಂಬುದಕ್ಕೆ ಹತ್ತಿರವಾದ ಕನ್ನಡ ‘ಹೆಸರಿಗೆ’. ಆ ಕಾಲದ ಪಪೈರಸ್ ಪತ್ರಗಳಲ್ಲಿ ಹಣವನ್ನು ಒಬ್ಬರ ಖಾತೆಗೆ ಜಮಾ ಮಾಡುವಾಗ, ಆಸ್ತಿಯನ್ನು ಒಬ್ಬರಿಗೆ ವಹಿಸುವಾಗ ಇದೇ ಮಾತು ಬರುತ್ತದೆ. ಹೊಲವನ್ನು ಮಗನ ಹೆಸರಿಗೆ ಮಾಡಿಸಿದರು ಎಂದು ನಾವು ಹೇಳುವುದಿಲ್ಲವೇ, ಹಾಗೆ. ಮಗುವಿಗೆ ಅದರದೇ ಒಂದು ಹೆಸರು ಕೊಟ್ಟು, ಆ ಹೆಸರಿನವನನ್ನು ಇನ್ನೊಂದು ಹೆಸರಿಗೆ ಬರೆದುಕೊಡುವ ಕೆಲಸ ಜ್ಞಾನಸ್ನಾನ. ‘ನಿನ್ನ ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು’ ಎಂಬ ಯೆಶಾಯ 43:1ರ ಮಾತಿನ ಎರಡು ಅರ್ಧಗಳೂ ಅಲ್ಲಿ ಒಟ್ಟಿಗೆ ನೆರವೇರುತ್ತವೆ.

ಹೆಸರಿನ ಬಗ್ಗೆ ನಿಯಮ ಏನು ಹೇಳುತ್ತದೆ ಎಂದು ಹೊಸ ತಂದೆತಾಯಿಗಳು ಕೇಳುತ್ತಾರೆ. 1917ರ ಧರ್ಮಸಭಾ ಸಂಹಿತೆಯ 761ನೆಯ ವಿಧಿ ಬಿಗಿಯಾಗಿತ್ತು: ಕ್ರೈಸ್ತ ಹೆಸರೇ ಇರುವಂತೆ ಗುರುಗಳು ನೋಡಿಕೊಳ್ಳಬೇಕು, ಪೋಷಕರು ಒಪ್ಪದಿದ್ದರೆ ಅವರು ಕೊಟ್ಟ ಹೆಸರಿಗೆ ಒಬ್ಬ ಸಂತರ ಹೆಸರು ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಹಳೆಯ ಮನೆತನಗಳಲ್ಲಿ ಮನೆಗೊಂದು ಹೆಸರು, ಗುಡಿಗೊಂದು ಹೆಸರು ಇರುವುದಕ್ಕೆ ಇದೂ ಒಂದು ಕಾರಣ. 1983ರ ಸಂಹಿತೆಯ 855ನೆಯ ವಿಧಿ ಮಾತನ್ನು ತಿರುಗಿಸಿತು. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ, ಇಷ್ಟೇ. ಕರುಣಾ, ಜೀವನ್, ಕೃಪಾ, ವಿಶ್ವಾಸ್, ಜ್ಯೋತಿ ಎಲ್ಲಕ್ಕೂ ಈಗ ಬಾಗಿಲು ತೆರೆದಿದೆ. ಸಂತರ ಹೆಸರು ಕಡ್ಡಾಯವಲ್ಲ, ಆದರೆ ಅದರಿಂದ ಸಿಗುವ ಲಾಭ ಸಣ್ಣದಲ್ಲ. ವರ್ಷಕ್ಕೊಂದು ಹಬ್ಬದ ದಿನ, ಹೇಳಿಕೊಡಲು ಒಂದು ಬದುಕಿನ ಕಥೆ, ಮೊರೆಯಿಡಲು ಒಬ್ಬ ಪಾಲಕ ಸಂತ.

ರಿಜಿಸ್ಟರಿನ ವಿಷಯದಲ್ಲಿ ಆಗುವ ಎಡವಟ್ಟುಗಳೇ ಹೆಚ್ಚು. 877ನೆಯ ವಿಧಿಯಂತೆ ಮಗುವಿನ ಹೆಸರು, ಸಂಸ್ಕಾರ ಕೊಟ್ಟವರು, ತಂದೆತಾಯಿ, ಜ್ಞಾನತಂದೆ ಜ್ಞಾನತಾಯಿ, ಜ್ಞಾನಸ್ನಾನದ ಸ್ಥಳ ಮತ್ತು ದಿನ, ಹುಟ್ಟಿದ ಸ್ಥಳ ಮತ್ತು ದಿನ ಎಲ್ಲವೂ ದಾಖಲಾಗಬೇಕು. ಹಳೆಯ ಪುಸ್ತಕಗಳಲ್ಲಿ ಹೆಸರು ಲ್ಯಾಟಿನ್ ರೂಪದಲ್ಲಿರುತ್ತದೆ: ಯೋವಾನ್ನೆಸ್, ಫ್ರಾನ್ಸಿಸ್ಕುಸ್. ಶಾಲೆಯ ದಾಖಲೆಯಲ್ಲಿ ಜಾನ್, ಆಧಾರ್‌ನಲ್ಲಿ ಇನ್ನೇನೋ. ಮದುವೆ ನಿಶ್ಚಯವಾದಾಗ, ಸಾಮಾನ್ಯವಾಗಿ ಆರು ತಿಂಗಳೊಳಗೆ ಪಡೆದ ಹೊಸ ಜ್ಞಾನಸ್ನಾನ ಪತ್ರ ಕೇಳುತ್ತಾರೆ, ಏಕೆಂದರೆ ದೃಢೀಕರಣ, ಮದುವೆ ಮುಂತಾದವು ಆ ಮೂಲ ಪುಸ್ತಕದ ಅಂಚಿನಲ್ಲೇ ದಾಖಲಾಗುವುದು. ಆಗ ಹೆಸರುಗಳ ಗಂಟು ಬಿಚ್ಚಿಕೊಳ್ಳುತ್ತದೆ. ಮೂಲ ಬರಹವನ್ನು ಹೊಡೆದುಹಾಕಿ ತಿದ್ದಿಸಲು ಹೋಗಬಾರದು. ಜನನ ಪ್ರಮಾಣಪತ್ರದೊಂದಿಗೆ ಜ್ಞಾನಸ್ನಾನವಾದ ಧರ್ಮಕೇಂದ್ರದಲ್ಲೇ ಅರ್ಜಿ ಕೊಟ್ಟು ಅಂಚಿನಲ್ಲಿ ಟಿಪ್ಪಣಿ ಹಾಕಿಸಬೇಕು. ಮಗುವಿನ ಹೆಸರನ್ನು ಸರ್ಕಾರಿ ಜನನ ನೋಂದಣಿಯಲ್ಲಿ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಗುಡಿಯ ಪುಸ್ತಕಕ್ಕೂ ಸರ್ಕಾರದ ಪುಸ್ತಕಕ್ಕೂ ಒಂದೇ ಕಾಗುಣಿತ ಕೊಡಲು ಸಾಕಷ್ಟು ಸಮಯವಿದೆ. ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ಬಾಯಲ್ಲಿ ಹೇಳಬೇಡಿ.

ನಮ್ಮ ನಾಡಿನ ಕ್ರೈಸ್ತರ ಹೆಸರುಗಳಲ್ಲಿ ನನ್ನನ್ನು ಬಹಳ ಹಿಡಿದಿಡುವವು ಹಳೇ ಮೈಸೂರು, ಬೆಂಗಳೂರು, ಕೋಲಾರದ ಕಡೆಯ ಕಥೋಲಿಕ ಊರುಗಳ ಹಿರಿಯರ ಹೆಸರುಗಳು: ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಆರೋಗ್ಯಮ್ಮ. ಹೊರಗಿನವರಿಗೆ ಇವು ಸಾಮಾನ್ಯ ಹಳ್ಳಿಯ ಹೆಸರುಗಳು. ತಮಿಳಿನ ಹಾದಿಯಲ್ಲಿ ಬಂದ ಇವುಗಳಲ್ಲಿ ಬಹಳಷ್ಟು ಅನುವಾದಗಳು. ಅರುಳ್ ಎಂದರೆ ತಮಿಳಿನಲ್ಲಿ ಕೃಪೆ. ಯೋಹಾನ ಎಂಬುದರ ಅರ್ಥವೇ ಅದು, ಹಾಗಾಗಿ ಯೋಹಾನನು ಅರುಳಪ್ಪ. ಲ್ಯಾಟಿನ್ನಿನ ಪಾವ್ಲುಸ್ ಎಂದರೆ ಸಣ್ಣವನು. ತಮಿಳಿನಲ್ಲಿ ಚಿನ್ನ ಎಂದರೂ ಸಣ್ಣ, ಹಾಗಾಗಿ ಪೌಲನು ಚಿನ್ನಪ್ಪ. ರಾಯಪ್ಪ ಪೇತ್ರನ ಹೆಸರು: ತೆಲುಗಿನ ಕಿವಿಗೆ ಅದರಲ್ಲಿ ರಾಯಿ, ಕಲ್ಲು, ಕೇಳಿಸುತ್ತದೆ; ಕನ್ನಡದ ಕಿವಿಗೆ ರಾಯ, ದೊರೆ. ಇನ್ನಾಸಪ್ಪ ಇಗ್ನಾಸಿಯುಸ್. ಆರೋಗ್ಯಮ್ಮನ ಹಿಂದೆ ವೇಳಾಂಕಣಿಯ ಆರೋಗ್ಯಮಾತೆ ಇದ್ದಾಳೆ. ಕನ್ನಡಕ್ಕೆ ಬಂದಾಗ ಚಿನ್ನಪ್ಪನ ಅರ್ಥ ಜಾರಿ ಬಂಗಾರವಾಯಿತು. ಅಪೊಸ್ತಲರಲ್ಲಿ ನಾನು ಅತ್ಯಂತ ಅಲ್ಪನು ಎಂದು ಬರೆದುಕೊಂಡ ಪೌಲನ ಹೆಸರು ಕನ್ನಡದ ನಾಲಗೆಯಲ್ಲಿ ಚಿನ್ನವಾದದ್ದನ್ನು ಯಾರೂ ಯೋಜಿಸಿ ಮಾಡಲಿಲ್ಲ. ಆದರೂ ಅದು ಎಷ್ಟು ಚೆನ್ನಾಗಿದೆ.

ಇದೇ ರೀತಿಯ ಅನುವಾದದಿಂದ ಬಂದ ಒಂದು ಹೆಸರು ಇಂದು ಸಂತರ ಪಟ್ಟಿಯಲ್ಲಿದೆ. ತಿರುವಾಂಕೂರಿನ ಅಧಿಕಾರಿಯಾಗಿದ್ದ ನೀಲಕಂಠ ಪಿಳ್ಳೆ 1745ರಲ್ಲಿ ಜ್ಞಾನಸ್ನಾನ ಪಡೆದಾಗ ಅವರಿಗೆ ಲಾಜರ ಎಂಬ ಹೆಸರು ಬಂತು. ಲಾಜರ ಎಂಬುದು ಎಲಿಯಾಜರ ಎಂಬುದರ ಮೊಟಕು, ‘ದೇವರು ಸಹಾಯ ಮಾಡಿದನು’. ಊರವರ ಮಾತಿನಲ್ಲಿ ಅದು ದೇವಸಹಾಯಂ. 1752ರಲ್ಲಿ ಅವರನ್ನು ಕೊಂದರು. 2022ರ ಮೇ 15ರಂದು ರೋಮಿನಲ್ಲಿ ಸಂತಪದವಿಗೇರಿದ ಅವರನ್ನು ದೇವಸಹಾಯಂ ಎಂದೇ ಕರೆಯುತ್ತಾರೆ. ಅನುವಾದವೇ ಮೂಲವಾಗಿ ನಿಂತಿತು. ಕರ್ನಾಟಕದ ಧರ್ಮಕೇಂದ್ರಗಳಲ್ಲಿ ದೇವಸಹಾಯ ಎಂಬ ಹೆಸರಿನವರು ಇದ್ದಾರೆ.

ಪ್ರೊಟೆಸ್ಟಂಟರ ಕಡೆ ಬೇರೆ ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗರ ಹೆಸರು ಮುಂದೆ ಬಂತು, ಹಿಂದಿನದು ಹಾಗೇ ಉಳಿಯಿತು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿದ, 1949ರ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಸಭಾಪಾಲಕರ ಪೂರ್ಣ ಹೆಸರು ಚನ್ನಪ್ಪ ದಾನಿಯೇಲಪ್ಪ ಉತ್ತಂಗಿ. ಮಗನಿಗೆ ಬಸವನಾಡಿನ ಹೆಸರು, ತಂದೆಯ ಹೆಸರಿನಲ್ಲಿ ಬಾಬೆಲಿನ ಸೆರೆಯಲ್ಲಿದ್ದ ಪ್ರವಾದಿಗೆ ಕನ್ನಡದ ‘ಅಪ್ಪ’. ಮೂರು ಪದಗಳಲ್ಲಿ ಒಂದು ಇಡೀ ದೇವಶಾಸ್ತ್ರವಿದೆ ಎಂದು ನನಗನ್ನಿಸುತ್ತದೆ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಪೋರ್ಚುಗೀಸ್ ಹೆಸರುಗಳು ಮನೆಮಾತಾಗಿ ಜುವಾಂವ್, ಪೆದ್ರು, ಬಸ್ತ್ಯಾಂವ್ ಆಗಿವೆ. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಸಿರಿಯನ್ ಕ್ರೈಸ್ತರಲ್ಲಿ ಜಾರ್ಜ್ ವರ್ಗೀಸನಾಗಿ, ಯಾಕೋಬ ಚಾಕೊ ಆಗಿ, ಎಲಿಸಬೇತಳು ಏಲಿಯಮ್ಮ ಆಗಿದ್ದಾರೆ. ಅವರಲ್ಲಿ ಹಿರಿಮಗನಿಗೆ ಅಪ್ಪನ ತಂದೆಯ ಹೆಸರು ಇಡುವುದು ವಾಡಿಕೆ. ಎಲಿಸಬೇತಳ ಮನೆಯ ನೆಂಟರು ಕೇಳಿದ್ದು ಇಂಥದ್ದನ್ನೇ, ಅವರ ಮೇಲೆ ಸಿಟ್ಟಾಗಬೇಕಿಲ್ಲ.

ಸಂತರ ಹೆಸರು ಆರಿಸುವವರು ಯಾವ ಸಂತ ಎಂದು ಮೊದಲೇ ನಿಶ್ಚಯಿಸಿ ಬರೆದಿಡಬೇಕು. ಫ್ರಾನ್ಸಿಸ್ ಎಂದರೆ ಅಸಿಸಿಯವರಾದರೆ ಹಬ್ಬ ಅಕ್ಟೋಬರ್ 4, ಝೇವಿಯರರಾದರೆ ಡಿಸೆಂಬರ್ 3, ಸೇಲ್ಸ್‌ನವರಾದರೆ ಜನವರಿ 24. ಅಂತೋಣಿ ಎಂದರೆ ಪಾದುವದವರು ಜೂನ್ 13, ಮರುಭೂಮಿಯ ತಪಸ್ವಿ ಜನವರಿ 17. ತೆರೇಸ ಎಂದರೆ ಅವಿಲದವರು ಅಕ್ಟೋಬರ್ 15, ಲಿಸಿಯದ ಪುಟ್ಟ ತೆರೇಸ ಅಕ್ಟೋಬರ್ 1, ಕೊಲ್ಕತ್ತದವರು ಸೆಪ್ಟೆಂಬರ್ 5. ಕೊಲ್ಕತ್ತದ ತೆರೇಸರೇ ಲಿಸಿಯದವರ ಹೆಸರು ತೆಗೆದುಕೊಂಡವರು. ಆ ಮಠದಲ್ಲಿ ಅದೇ ಹೆಸರಿನ ಇನ್ನೊಬ್ಬರು ಇದ್ದುದರಿಂದ ಸ್ಪ್ಯಾನಿಷ್ ಕಾಗುಣಿತ ಆರಿಸಿಕೊಂಡರು. ಇದನ್ನು ಬರೆದಿಡದಿದ್ದರೆ ಮಗು ದೊಡ್ಡದಾಗಿ ಕೇಳಿದಾಗ ಅಜ್ಜಿ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು.

ಇಡಬಾರದ ಹೆಸರು ಯಾವುದು ಎಂಬುದಕ್ಕೆ ಜನ ಕೊಡುವ ಮೊದಲ ಉತ್ತರ ಯೂದ. ಯೂದ ಎಂದರೆ ‘ಸ್ತೋತ್ರ’. ನಾಲ್ಕನೆಯ ಮಗ ಹುಟ್ಟಿದಾಗ ಲೇಯಳು ಈಗ ಯೆಹೋವನನ್ನು ಸ್ತುತಿಸುವೆನು ಎಂದು ಇಟ್ಟ ಹೆಸರು. ಇಸ್ಕರಿಯೋತನ ಹೆಸರೂ ಅದೇ, ಅಕ್ಟೋಬರ್ 28ರಂದು ಹಬ್ಬವಿರುವ ಅಪೊಸ್ತಲ ಸಂತ ಜೂಡರ ಹೆಸರೂ ಅದೇ. ಒಬ್ಬ ಮುಳುಗಿಸಿದ, ಒಬ್ಬ ಎತ್ತಿದ. ಹೆಸರು ಯಾರನ್ನೂ ತಡೆಯಲಿಲ್ಲ, ತಳ್ಳಲಿಲ್ಲ. ನಿಜವಾಗಿ ಎಚ್ಚರವಿರಬೇಕಾದದ್ದು ನೋವಿನ ಗಳಿಗೆಯಲ್ಲಿ ಇಟ್ಟ ಹೆಸರುಗಳ ಬಗ್ಗೆ. ಹೆರಿಗೆಯಲ್ಲಿ ಸಾಯುತ್ತಿದ್ದ ರಾಹೇಲಳು ಮಗುವನ್ನು ಬೆನೋನಿ, ನನ್ನ ಸಂಕಟದ ಮಗ, ಎಂದಳು. ತಂದೆ ಕೂಡಲೇ ಬೆನ್ಯಾಮೀನ, ಬಲಗೈಯ ಮಗ, ಎಂದು ಬದಲಿಸಿದ. ಹೆಸರಿನ ಭಾರ ಏನೆಂದು ಯಾಕೋಬನಿಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರವಾದಿ ಹೋಶೇಯನ ಮಕ್ಕಳಿಗೆ ಲೋರುಹಾಮ, ಲೋಅಮ್ಮಿ, ಅಂದರೆ ಕರುಣೆ ಸಿಗದವಳು, ನನ್ನ ಜನವಲ್ಲ ಎಂಬ ಹೆಸರುಗಳು ಬಂದವು. ಮುಂದಿನ ಅಧ್ಯಾಯದಲ್ಲಿ ದೇವರೇ ಆ ‘ಲೋ’ ಎಂಬ ಅಲ್ಲ-ಇಲ್ಲಗಳನ್ನು ತೆಗೆದುಹಾಕುತ್ತಾನೆ. ಮನೆಯಲ್ಲಿ ಸಿಟ್ಟಿಗೆ, ಅಣಕಕ್ಕೆ ಅಂಟಿಸಿದ ಅಡ್ಡಹೆಸರುಗಳಿಗೂ ಇದು ಅನ್ವಯಿಸುತ್ತದೆ. ತಂದೆತಾಯಿ ಬೇಗ ತೆಗೆದಷ್ಟೂ ಒಳ್ಳೆಯದು.

ಪುನರುತ್ಥಾನದ ಮುಂಜಾನೆ ತೋಟದಲ್ಲಿ ಮಗ್ದಲದ ಮರಿಯಳು ಯೇಸುವನ್ನೇ ನೋಡಿದಳು, ತೋಟಗಾರನೆಂದುಕೊಂಡಳು. ಅಮ್ಮಾ, ಯಾಕೆ ಅಳುತ್ತೀ ಎಂದು ಅವನು ಕೇಳಿದ, ದನಿ ಕೇಳಿದರೂ ಗುರುತು ಹತ್ತಲಿಲ್ಲ. ‘ಮರಿಯಾ’ ಎಂದಾಗ ತಿರುಗಿದಳು. ಕುರುಬನು ತನ್ನ ಸ್ವಂತ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವು ಅವನ ದನಿ ಬಲ್ಲವು ಎಂದು ಅದೇ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಹೇಳಿದ್ದು 20ನೆಯ ಅಧ್ಯಾಯದಲ್ಲಿ ಒಂದೇ ಪದದಲ್ಲಿ ನಡೆದುಹೋಗುತ್ತದೆ.

ಜ್ಞಾನಸ್ನಾನದ ತೊಟ್ಟಿಯ ಬಳಿ ಮನೆತನದ ಹೆಸರನ್ನು ಯಾರೂ ಹೇಳುವುದಿಲ್ಲ. ಡಿಸೋಜ, ಪಿಂಟೊ, ಉತ್ತಂಗಿ ಯಾವುದೂ ಅಲ್ಲಿ ಬರುವುದಿಲ್ಲ, ಕೊಟ್ಟ ಹೆಸರೊಂದೇ. ಆ ವ್ಯಕ್ತಿ ತೀರಿಕೊಂಡು ಶವಪೆಟ್ಟಿಗೆ ಗುಡಿಯೊಳಗೆ ಬಂದಾಗ ಮತ್ತೆ ಹಾಗೆಯೇ. ಪಾಸ್ಖದ ದೊಡ್ಡ ಮೇಣದ ಬತ್ತಿ ಪೆಟ್ಟಿಗೆಯ ಬಳಿ ಉರಿಯುತ್ತದೆ, ತೊಟ್ಟಿಯ ನೆನಪಿಗೆ ತೀರ್ಥ ಚಿಮುಕಿಸುತ್ತಾರೆ. ಹೊರಗೆ ಕಾಗದದ ಮೇಲೆ ಡಾಕ್ಟರ್, ಎಂಜಿನಿಯರ್, ನಿವೃತ್ತ ಮುಖ್ಯೋಪಾಧ್ಯಾಯ ಎಂದೆಲ್ಲ ಅಚ್ಚಾಗಿರಬಹುದು. ಒಳಗೆ ಗುರುಗಳು ಪ್ರಾರ್ಥನೆಯಲ್ಲಿ ಎತ್ತುವುದು ಬಾಗಿಲ ಬಳಿ ಮೊದಲ ಪ್ರಶ್ನೆಗೆ ಉತ್ತರವಾಗಿ ಬಂದ ಹೆಸರನ್ನೇ, ನಿನ್ನ ದಾಸ ಚಿನ್ನಪ್ಪ, ನಿನ್ನ ದಾಸಿ ಆರೋಗ್ಯಮ್ಮ ಎಂದು.